ಗಾಂಧಿ ಕ್ಲಾಸಿನಿಂದ: ಒಂದು ಬೋಳು ತಲೆಯ ಕಥೆ

ಎರಡು ವಾರ ಈ ಅಂಕಣ ಬರಲಿಲ್ಲ. ಕಡೂರಿನಿಂದ, ತರೀಕೆರೆಯಿಂದ, ದಾವಣಗೆರೆ ಬಸ್ ಸ್ಟ್ಯಾಂಡಿನಿಂದ ಓದುಗ ಮಿತ್ರರು ವಿಚಾರಿಸಿದ್ದಾರೆ. ‘ಏನ್ ಗುರುವೇ, ಗಾಂಧಿ ಕ್ಲಾಸ್ ಖಾಲಿ ಹೊಡೀತಾ ಇದೆಯಲ್ಲ, ಯಾರಾದ್ರೂ ನಿರ್ಮಾಪಕರು ಹಿಡ್ಕೊಂಡು ಹೊಡೆದ್ರಾ?’ ಅಂತ ಒಬ್ಬ ಮಹಾಶಯರ ಪ್ರಶ್ನೆ. ಇಲ್ಲ ಸ್ವಾಮಿ, ಯಾರೂ ಹೊಡೀಲಿಲ್ಲ. ಹೊಡೀಬೇಕಾಗಿದ್ದವರೂ ಹೊಡೀಲಿಲ್ಲ. ಆ ಕಥೆಯೇ ಈ ವಾರದ ಅಂಕಣ.

ಮೇಲೆ ಅಚ್ಚಾಗಿರುವ ನನ್ನ ಫೋಟೋ ನೋಡಿ. ಹಣೆ ಮೇಲೆ ಬೀಳುವ ಕ್ರಾಪು, ಕಿವಿ ಮುಚ್ಚುವ ಕೂದಲು. ಅದು ಹಳೇ ಫೋಟೋ. ಈ ಸಾಲು ಬರೆಯುತ್ತಿರುವವನ ತಲೆ ಈಗ ಬೋಳು. ಯಾವ ಹೀರೋಗೆ ಏನಾಯ್ತು ಅಂತ ಗಾಬರಿಯಾಗಬೇಡಿ. ಸತ್ತವರು ಭದ್ರಾವತಿ ನ್ಯೂಟೌನಿನ ಒಬ್ಬ ರಿಟೈರ್ಡ್ ಕಾರ್ಮಿಕ. ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದವರು, ಎರಡನೇ ಆಟದ ಖಾಯಂ ಗಿರಾಕಿ. ಈ ಅಂಕಣದಲ್ಲಿ ಎಷ್ಟೋ ಸಲ ‘ನಮ್ಮ ಮನೆಯ ಹಿರಿಯ ಪ್ರೇಕ್ಷಕರು’ ಅಂತ ಬರೆದಿದ್ದೇನಲ್ಲ, ಅವರೇ. ನನ್ನ ಅಪ್ಪಾಜಿ.

ಕಾಗದದ ಲೆಕ್ಕದಲ್ಲಿ ಹೇಳುವುದಾದರೆ ನನ್ನ ಮಲತಂದೆ.

ಅವರ ಮಕ್ಕಳು, ಅವಳ ಮಗ, ಇಬ್ಬರ ಮಗಳು

ನ್ಯೂಟೌನ್ ಗೊತ್ತಿಲ್ಲದವರಿಗೆ ಒಂದು ಮಾತು. ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಮೈಸೂರು ಅರಸರ ಕಾಲದಲ್ಲಿ, 1923ರಲ್ಲಿ, ಇಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ನಿಲ್ಲಿಸಿ ಬೆಳೆಸಿದರು, ಮುಂದೆ ಅವರ ಹೆಸರೇ ಅದಕ್ಕಾಯಿತು. ಕಾರ್ಖಾನೆಯವರಿಗಾಗಿ ಎದ್ದ ಊರು ನ್ಯೂಟೌನ್. ಕಾಗದದ ಕಾರ್ಖಾನೆಯವರದು ಪೇಪರ್‌ಟೌನ್. ನಮ್ಮ ದೊಡ್ಡಣ್ಣ ಸಿನಿಮಾಕ್ಕೆ ಬರುವ ಮುಂಚೆ ದುಡಿದದ್ದು ಈ ಕಬ್ಬಿಣದ ಕಾರ್ಖಾನೆಯಲ್ಲೇ. ಟಿವಿಯಲ್ಲಿ ದೊಡ್ಡಣ್ಣ ಬಂದರೆ ಸಾಕು, ಅಪ್ಪಾಜಿ ಊಟದ ತಟ್ಟೆ ಬಿಟ್ಟು ಬಂದು ‘ನೋಡ್ರೋ, ನಮ್ಮ ಕಾರ್ಖಾನೆಯವರು’ ಅನ್ನೋರು, ಖುದ್ದು ತಾವೇ ಡೈಲಾಗು ಹೇಳಿಕೊಟ್ಟ ಹಾಗೆ.

ನನ್ನನ್ನು ಹೆತ್ತ ತಂದೆ ನಾನು ನಾಲ್ಕು ವರ್ಷದವನಿದ್ದಾಗ ಹೋದರು. ಅಪ್ಪಾಜಿಯ ಮೊದಲ ಹೆಂಡತಿಯೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕಾಯಿಲೆಯಲ್ಲಿ ತೀರಿಕೊಂಡಿದ್ದರು. ಹಿರಿಯರು ಸೇರಿ, ಹೆಚ್ಚು ಸದ್ದಿಲ್ಲದೆ, ಒಂದು ದೇವಸ್ಥಾನದಲ್ಲಿ ತಾಳಿ ಕಟ್ಟಿಸಿದರು. ಒಂದು ಟ್ರಂಕು ಮತ್ತು ಆರು ವರ್ಷದ ನನ್ನನ್ನು ಕರಕೊಂಡು ಅಮ್ಮ ನ್ಯೂಟೌನಿಗೆ ಬಂದಳು. ಅಲ್ಲಿ ಆಗಲೇ ಹದಿನಾಲ್ಕರ ಹುಡುಗ ಒಬ್ಬ, ಹನ್ನೊಂದರ ಹುಡುಗಿ ಒಬ್ಬಳು ಬಾಗಿಲಲ್ಲಿ ನಿಂತಿದ್ದರು. ಎರಡು ವರ್ಷದ ಮೇಲೆ ಒಬ್ಬಳು ತಂಗಿ ಹುಟ್ಟಿದಳು.

ಆ ಮಕ್ಕಳು ತಂದೆಯನ್ನು ‘ಅಣ್ಣ’ ಅಂತ ಕರೆಯುತ್ತಿದ್ದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಾಗೆ. ನನಗೆ ‘ಅಪ್ಪಾಜಿ ಅನ್ನು’ ಅಂತ ಹೇಳಿಕೊಟ್ಟರು. ನನ್ನ ಅಮ್ಮ ಅವರಿಗೆ ‘ಚಿಕ್ಕಮ್ಮ’ ಆದಳು. ಒಂದೇ ಮನೆ, ಒಬ್ಬರೇ ಯಜಮಾನರು, ಕರೆಯುವ ಹೆಸರು ಎರಡು. ಹೊಸಬರು ಮನೆಗೆ ಬಂದರೆ ಯಾರು ಯಾವ ಕಡೆಯ ಮಕ್ಕಳು ಅಂತ ಕೇಳಬೇಕಾಗಿರಲಿಲ್ಲ. ನಾವು ಬಾಯಿ ತೆರೆದರೆ ಸಾಕಿತ್ತು.

ಬೆಳ್ಳಿತೆರೆ ಎಲ್ಲಿ ನಿಲ್ಲಿಸುತ್ತೆ?

ಇಂಥ ಮನೆಯನ್ನು ನಮ್ಮ ಚಿತ್ರರಂಗ ನೋಡಿಲ್ಲವೇ? ನೋಡಿದೆ. ಆದರೆ ಬಹಳ ಸಲ ಮಲತಾಯಿಯ ಕೈಗೆ ಸೌಟು ಕೊಟ್ಟು, ಮಗುವಿನ ಕೈಗೆ ಬರೆ ಹಾಕಿಸಿ, ಪ್ರೇಕ್ಷಕರ ಕರ್ಚೀಫು ಒದ್ದೆ ಮಾಡಿ ಕೈ ತೊಳಕೊಂಡಿದೆ. ಮಲತಂದೆಗಂತೂ ತೆರೆ ಮೇಲೆ ಅಷ್ಟು ಜಾಗವೂ ಸಿಕ್ಕಿಲ್ಲ.

ನಗುನಗುತ್ತಾ ನೋಡಿದ ಚಿತ್ರ ಒಂದಿದೆ. 1980ರ ‘ಮಕ್ಕಳ ಸೈನ್ಯ’. ನಟಿ ಲಕ್ಷ್ಮಿ ಮೊದಲ ಸಲ ನಿರ್ದೇಶಕಿಯ ಕುರ್ಚಿಯಲ್ಲಿ ಕೂತ ಚಿತ್ರ, ನಾಯಕ ನಮ್ಮ ವಿಷ್ಣುವರ್ಧನ್. ಒಂದು ಕಡೆ ಅವನ ಮಕ್ಕಳು, ಇನ್ನೊಂದು ಕಡೆ ಅವಳ ಮಕ್ಕಳು, ನಡುವೆ ಮಹಾಯುದ್ಧ! ಈ ಕಥೆಯ ಬೇರು ಅಮೆರಿಕದಲ್ಲಿದೆ. 1968ರಲ್ಲಿ ಹೆನ್ರಿ ಫಾಂಡಾ ಮತ್ತು ಲೂಸಿಲ್ ಬಾಲ್ ನಟಿಸಿದ ‘ಯುವರ್ಸ್, ಮೈನ್ ಅಂಡ್ ಅವರ್ಸ್’ ಅದರ ಮೂಲ. ಅದಕ್ಕೂ ಹಿಂದೆ ನಿಜವಾದ ಒಂದು ಸಂಸಾರವೇ ಇತ್ತು. ಹತ್ತು ಮಕ್ಕಳ ತಂದೆ ಫ್ರಾಂಕ್ ಬಿಯರ್ಡ್‌ಸ್ಲಿ, ಎಂಟು ಮಕ್ಕಳ ತಾಯಿ ಹೆಲೆನ್ 1961ರಲ್ಲಿ ಮದುವೆಯಾದರು. ಆಮೇಲೆ ಇನ್ನೆರಡು ಮಕ್ಕಳಾಗಿ ಒಟ್ಟು ಇಪ್ಪತ್ತು! ನಮ್ಮ ಮನೆಯಲ್ಲಿ ಬರೀ ನಾಲ್ಕು. ಅಷ್ಟಕ್ಕೇ ಒಂದು ಬಕೆಟ್ ಬಿಸಿನೀರಿಗೆ ಯುದ್ಧ ನಡೆಯುತ್ತಿತ್ತು.

ಆ ಚಿತ್ರವನ್ನು ಒಂದು ಭಾನುವಾರ ಟಿವಿಯಲ್ಲಿ ನಾವೆಲ್ಲ ಒಟ್ಟಿಗೆ ನೋಡಿದ್ದೆವು. ಅಕ್ಕಪಕ್ಕದವರೂ ಬಂದು ಕೂತಿದ್ದರು. ಮಕ್ಕಳ ಕಿತ್ತಾಟಕ್ಕೆ ಎಲ್ಲರೂ ನಗುತ್ತಿದ್ದರೆ ಅಪ್ಪಾಜಿ ಮಾತ್ರ ನಗಲಿಲ್ಲ. ಕಣ್ಣ ತುದಿಯಲ್ಲಿ ನಮ್ಮನ್ನು ನೋಡುತ್ತಿದ್ದರು, ಯಾವ ಮಗು ಯಾವ ಸೀನಿಗೆ ನಗುತ್ತೆ ಅಂತ.

ಇಂಥ ಚಿತ್ರಗಳೆಲ್ಲ ಕೊನೆಗೆ ಒಂದು ಗ್ರೂಪ್ ಫೋಟೋಕ್ಕೆ ಬಂದು ನಿಲ್ಲುತ್ತವೆ. ಎಲ್ಲರೂ ಒಂದಾದರು, ಶುಭಂ. ಆದರೆ ಮಿತ್ರರೇ, ಆ ಫೋಟೋದ ನಡುವೆ ನಿಂತ ಯಜಮಾನ ಒಂದು ದಿನ ಸಾಯುತ್ತಾನಲ್ಲ? ಆಗ ಫೋಟೋದಲ್ಲಿ ಉಳಿದವರು ಒಬ್ಬರಿಗೊಬ್ಬರು ಏನಾಗಬೇಕು? ಆ ರೀಲು ನಾನೆಲ್ಲೂ ನೋಡಿರಲಿಲ್ಲ.

‘ಕುಲ ಬೇರೆ, ಅವನ್ಯಾಕೆ?’

2021ರ ಅಕ್ಟೋಬರ್ 29. ಆ ದಿನ ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಅಪ್ಪು ಹೋದ ಸುದ್ದಿ ಬಂದಾಗ ನಾನು ಸಿಕ್ಕ ಬಸ್ಸು ಹತ್ತಿ ಬೆಂಗಳೂರಿಗೆ ಓಡಿದೆ. ಕಂಠೀರವ ಸ್ಟೇಡಿಯಮ್ಮಿನ ಸಾಲಿನಲ್ಲಿ ನಿಂತೆ. ರಾಜ್ಯದ ಎಷ್ಟೋ ಊರಲ್ಲಿ ಹುಡುಗರು ತಲೆ ಬೋಳಿಸಿಕೊಂಡರು, ನಾನೂ ಬೋಳಿಸಿಕೊಂಡೆ. ನವೆಂಬರ್ 9ರಂದು ಅರಮನೆ ಮೈದಾನದಲ್ಲಿ ಆ ಮನೆಯವರು ಅಭಿಮಾನಿಗಳಿಗೆ ಅನ್ನ ಹಾಕಿದರಲ್ಲ, ಅವತ್ತು ಯಾರೂ ‘ನೀನು ಅಪ್ಪುಗೆ ಏನಾಗಬೇಕು?’ ಅಂತ ಕೇಳಲಿಲ್ಲ. ಅತ್ತವರಿಗೆಲ್ಲ ಎಲೆ ಬಿತ್ತು.

ಬೋಳು ತಲೆ ಹೊತ್ತು ನ್ಯೂಟೌನಿಗೆ ಬಂದಾಗ ಅಪ್ಪಾಜಿ ಜಗಲಿಯಲ್ಲಿ ಕೂತಿದ್ದರು. ಮೇಲಿಂದ ಕೆಳಗೆ ನೋಡಿ, ‘ಸರಿ, ಒಳ್ಳೇದಾಯ್ತು. ನಾನು ಸತ್ತಾಗ್ಲೂ ಹಿಂಗೇ ಬೋಳಿಸ್ತೀಯೇನಪ್ಪ?’ ಅಂದರು. ಹೌದು ಅನ್ನುವುದಕ್ಕೆ ನಾಚಿಕೆಯಾಗಿ ‘ಏನ್ ಮಾತಾಡ್ತೀರಾ ಅಪ್ಪಾಜಿ’ ಅಂತ ಒಳಗೆ ಹೋದೆ.

ಈಗ ಆ ದಿನ ಬಂತು. ಒಂದು ಬೆಳಗ್ಗೆ ಎದೆನೋವು, ಮಧ್ಯಾಹ್ನದೊಳಗೆ ಮುಗಿಯಿತು. ಹನ್ನೊಂದನೇ ದಿನದ ಕಾರ್ಯಕ್ಕೆ ಎಲ್ಲರೂ ಕೂಡಲಿಗೆ ಹೋದೆವು, ತುಂಗೆ ಭದ್ರೆ ಸೇರುವ ಜಾಗ. ಕ್ಷೌರಿಕರು ಕೂತಿದ್ದರು. ನನ್ನ ಅಣ್ಣಯ್ಯ (ಅಪ್ಪಾಜಿಯ ಹಿರಿಮಗನನ್ನು ನಾನು ಕರೆಯುವುದು ಹಾಗೆ) ಕೂತ, ಬೋಳಿಸಿಕೊಂಡ. ಅವನು ಎದ್ದ ಮೇಲೆ ನಾನು ಷರಟು ಬಿಚ್ಚಿ ಕೂರಲು ಹೋದೆ. ಹಿರಿಯರೊಬ್ಬರು ತಡೆದರು. ‘ಹುಡುಗನ ಕುಲ ಬೇರೆ. ಅವನ ತಂದೆಗೆ ಬೋಳಿಸಿ ಆಗಿದೆಯಲ್ಲ. ಇವರಿಗೆ ಅವನ್ಯಾಕೆ ಬೋಳಿಸ್ಬೇಕು?’

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಶಾಸ್ತ್ರ ಹೇಳಿದರು, ಅಷ್ಟೇ. ಯಾರೂ ಎದುರು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಷರಟು ಹಾಕಿಕೊಂಡೆ. ಒಂದು ದಿನವೂ ಮುಖ ನೋಡಿ ಮಾತಾಡಿಸದ ಹೀರೋಗೆ ತಲೆ ಕೊಟ್ಟವನು, ಇಪ್ಪತ್ತೆರಡು ವರ್ಷ ಅನ್ನ ಹಾಕಿದವರ ಕಾರ್ಯದಲ್ಲಿ ಪೂರ್ತಿ ಕ್ರಾಪು ಬಾಚಿಕೊಂಡು ನೆಂಟನ ಹಾಗೆ ನಿಂತಿದ್ದೆ.

ಸಾವಿನ ಮನೆಯ ಈ ‘ಯಾರು, ಯಾಕೆ’ ಅನ್ನುವ ಪ್ರಶ್ನೆ ನಮ್ಮ ಸಿನಿಮಾಕ್ಕೆ ಹೊಸದೇನಲ್ಲ. 1970ರ ‘ಸಂಸ್ಕಾರ’ ಪೂರ್ತಿ ನಿಂತಿರುವುದೇ ಅದರ ಮೇಲೆ. ಕಥೆ ಬರೆದ ಅನಂತಮೂರ್ತಿ ನಮ್ಮ ತೀರ್ಥಹಳ್ಳಿ ಕಡೆಯವರು, ನಾರಣಪ್ಪನಾಗಿ ನಟಿಸಿದ ಲಂಕೇಶ್ ನಮ್ಮ ಜಿಲ್ಲೆಯವರು. ನಾರಣಪ್ಪನ ಹೆಣ ಅಗ್ರಹಾರದಲ್ಲಿ ಕೊಳೆಯುತ್ತಾ ಬಿದ್ದಿರುತ್ತೆ, ಸಂಸ್ಕಾರ ಯಾರು ಮಾಡಬೇಕು ಅಂತ ತೀರ್ಮಾನವೇ ಆಗುವುದಿಲ್ಲ. ಅವನಿಗೆ ಶಾಸ್ತ್ರದಲ್ಲಿ ಏನೂ ಆಗಬೇಕಿಲ್ಲದ ಚಂದ್ರಿ ತನ್ನ ಮೈಮೇಲಿನ ಒಡವೆ ಬಿಚ್ಚಿಡುತ್ತಾಳೆ. 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಭೂತಯ್ಯ ಸತ್ತಾಗ ಇಡೀ ಊರೇ ಬೆನ್ನು ತಿರುಗಿಸುತ್ತೆ. ಅಲ್ಲಿ ಹೆಣಕ್ಕೆ ಜನರಿಲ್ಲ. ನಮ್ಮಲ್ಲಿ ಜನ ಇದ್ದರು, ಸಾಲಿನಲ್ಲಿ ನನಗೆ ಜಾಗ ಇರಲಿಲ್ಲ.

ವಂಶವೃಕ್ಷ

ಅಪ್ಪಾಜಿ ಹೋದ ಮೇಲೆ ಪಿಂಚಣಿ, ಬ್ಯಾಂಕಿನ ಖಾತೆ, ಅದು ಇದು. ಎಲ್ಲದಕ್ಕೂ ಒಂದು ಕಾಗದ ಕೇಳುತ್ತಾರೆ. ಅದರ ಹೆಸರು ವಂಶವೃಕ್ಷ. ಸತ್ತವರ ಹೆಸರು ಮೇಲೆ, ಕೆಳಗೆ ಗೆರೆ ಎಳೆದು ಹೆಂಡತಿ, ಮಕ್ಕಳು. ಅಣ್ಣಯ್ಯ ಒಬ್ಬನೇ ಓಡಾಡಿ ಮಾಡಿಸಿಕೊಂಡು ಬಂದಿದ್ದ. ಅದು ಅವನ ಬ್ಯಾಗಿನಲ್ಲಿತ್ತು. ಏನೋ ಹುಡುಕುವಾಗ ನನ್ನ ಕೈಗೆ ಬಂತು. ಹೆಂಡತಿ: ನನ್ನ ಅಮ್ಮ. ಮಗ: ಅಣ್ಣಯ್ಯ. ಮಗಳು: ಅಕ್ಕ. ಮಗಳು: ತಂಗಿ. ಗೆರೆ ಅಲ್ಲಿಗೆ ಮುಗಿದಿತ್ತು.

ಓದಿ ಮಡಚಿ ಇಟ್ಟೆ. ಹಣದ ಆಸೆ ಅಂತ ತಿಳಿಯಬೇಡಿ, ಹಂಚಿಕೊಳ್ಳುವಷ್ಟು ಹಣವೂ ಅಲ್ಲಿರಲಿಲ್ಲ. ಕಾನೂನೂ ನನಗೆ ಗೊತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಂದೆಯ ಆಸ್ತಿಗೆ ಮಗ ಅಂದರೆ ಹೆತ್ತ ಮಗ, ಇಲ್ಲವೇ ದತ್ತು ತೆಗೆದುಕೊಂಡ ಮಗ. ಮಲಮಗನಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಉಯಿಲು ಬರೆದಿಟ್ಟಿದ್ದರೆ ಮಾತು ಬೇರೆ. ನಿಮ್ಮಲ್ಲಿ ಯಾರ ಮನೆಯಾದರೂ ನಮ್ಮ ಮನೆ ಥರದ್ದಾಗಿದ್ದರೆ ಈ ಮಾತು ನೆನಪಿಡಿ, ಯಜಮಾನರು ಬದುಕಿದ್ದಾಗಲೇ ಕೂತು ಮಾತಾಡಿ.

ನನಗೆ ಆ ಕ್ಷಣಕ್ಕೆ ನೆನಪಾದದ್ದು ಅದೇ ಹೆಸರಿನ ಚಿತ್ರ. ಭೈರಪ್ಪನವರ ಕಾದಂಬರಿ, ಬಿ.ವಿ. ಕಾರಂತ ಮತ್ತು ಗಿರೀಶ್ ಕಾರ್ನಾಡ್ ಜೋಡಿ ನಿರ್ದೇಶಿಸಿದ ‘ವಂಶವೃಕ್ಷ’. 1971ನೇ ಸಾಲಿನ ಶ್ರೇಷ್ಠ ನಿರ್ದೇಶನದ ರಾಷ್ಟ್ರ ಪ್ರಶಸ್ತಿ ಬಂದದ್ದು ಇದಕ್ಕೇ. ಸಂಪತ್ ಕುಮಾರ್ ಅನ್ನುವ ಹುಡುಗನೊಬ್ಬ ಚಿಕ್ಕ ಪಾತ್ರದಲ್ಲಿ ಮುಖ ತೋರಿಸಿ, ಆಮೇಲೆ ವಿಷ್ಣುವರ್ಧನ್ ಆಗಿ ನಮ್ಮೆಲ್ಲರ ಎದೆಗೆ ಬಂದದ್ದೂ ಆ ದಾರಿಯಲ್ಲೇ. ಗಂಡನನ್ನು ಕಳಕೊಂಡ ಕಾತ್ಯಾಯನಿ ಮತ್ತೆ ಮದುವೆಯಾಗುತ್ತಾಳೆ, ಮಗ ಮಾತ್ರ ಮಾವನ ಮನೆಯಲ್ಲೇ ಉಳಿಯುತ್ತಾನೆ. ಯಾಕೆಂದರೆ ಮಗು ವಂಶದ್ದು! ನನ್ನ ಅಮ್ಮ ಹಾಗೆ ಮಾಡಲಿಲ್ಲ, ನನ್ನನ್ನು ಟ್ರಂಕಿನ ಜೊತೆ ತಂದಳು. ಆ ಕಥೆಯಲ್ಲಿ ಮಗ ವಂಶವೃಕ್ಷದಲ್ಲಿ ಉಳಿದು ತಾಯಿಯನ್ನು ಕಳಕೊಂಡ. ನಾನು ತಾಯಿಯನ್ನು ಉಳಿಸಿಕೊಂಡೆ, ವೃಕ್ಷದಿಂದ ಉದುರಿದೆ.

ಆ ಚಿತ್ರ ಮಾಡಿದ ಕಾರ್ನಾಡರ ಮನೆಯ ಕಥೆ ನಿಮಗೆ ಗೊತ್ತೇ? ತಮ್ಮ ಆತ್ಮಕಥೆ ‘ಆಡಾಡತ ಆಯುಷ್ಯ’ದಲ್ಲಿ ಅವರೇ ಬರೆದಿದ್ದಾರೆ. ಅವರ ತಾಯಿ ಕೃಷ್ಣಾಬಾಯಿ ಎಳೇ ವಯಸ್ಸಿಗೆ ವಿಧವೆ, ಕೈಯಲ್ಲಿ ಒಬ್ಬ ಮಗ. ನರ್ಸ್ ಕೆಲಸಕ್ಕೆ ಸೇರಿದಾಗ ಡಾಕ್ಟರ್ ರಘುನಾಥ ಕಾರ್ನಾಡರ ಪರಿಚಯ. ವಿಧವಾ ವಿವಾಹಕ್ಕೆ ಸಮಾಜ ಒಪ್ಪದೆ ವರ್ಷಗಟ್ಟಲೆ ಕಾದು, ಕೊನೆಗೆ ಆರ್ಯಸಮಾಜದ ಪದ್ಧತಿಯಲ್ಲಿ ಮದುವೆಯಾದರು. ಆಮೇಲೆ ಹುಟ್ಟಿದ ನಾಲ್ಕು ಮಕ್ಕಳಲ್ಲಿ ಗಿರೀಶ್ ಮೂರನೆಯವರು. ಅಂದರೆ ಜ್ಞಾನಪೀಠದವರೆಗೆ ಹೋದ ಆ ಮನೆಯೂ ನಮ್ಮ ನ್ಯೂಟೌನಿನ ಮನೆಯ ಥರದ್ದೇ! ಇದನ್ನು ಮೊದಲ ಸಲ ಓದಿದ ದಿನ ಅಪ್ಪಾಜಿಗೆ ಹೇಳಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಅವರಪ್ಪ ಆ ದೊಡ್ಡ ಹುಡುಗನಿಗೆ ಹೊಡೀತಿದ್ರಂತಾ?’ ಅಂತ ಕೇಳಿದರು. ಎಂಥ ವಿಚಿತ್ರ ಪ್ರಶ್ನೆ ಅಂದುಕೊಂಡಿದ್ದೆ.

ಕಡಲ ಹತ್ತಿರದ ಹಂಚಿನ ಮನೆ

ಅಕ್ಕನನ್ನು ಕೊಟ್ಟಿರುವುದು ಹೊನ್ನಾವರದ ಕಡೆಗೆ. ಕಾಸರಕೋಡಿನಲ್ಲಿ ಅವಳ ಗಂಡನ ಮನೆಯವರದು ಒಂದು ಹಳೇ ಹಂಚಿನ ಮನೆ ಖಾಲಿ ಇದೆ. ಹಿತ್ತಲಲ್ಲಿ ಗಾಳಿಮರ, ಅದರಾಚೆ ಮರಳು, ಮರಳಿನಾಚೆ ಕಡಲು. ‘ಚಿಕ್ಕಮ್ಮನ್ನ ಆ ಮನೇಲಿ ಬಿಟ್ಟರೆ ಕೂತಲ್ಲೇ ಕೂತಿರ್ತಾರೆ, ನಾಲ್ಕು ದಿನ ಎಲ್ಲರೂ ಬನ್ನಿ’ ಅಂದಳು ಅಕ್ಕ. ಹೊರಟೆವು. ಶಿವಮೊಗ್ಗ, ಸಾಗರ, ಜೋಗ ದಾಟಿ ಗೇರುಸೊಪ್ಪೆಯ ಘಾಟಿ ಇಳಿದು ಶರಾವತಿ ಜೊತೆಜೊತೆಗೇ ಹೊನ್ನಾವರ. ನಮ್ಮ ಶಂಕರಣ್ಣ, ಆಟೋರಾಜ ಶಂಕರ್ ನಾಗ್, 1954ರಲ್ಲಿ ಹುಟ್ಟಿದ್ದು ಈ ಸೀಮೆಯ ಮಲ್ಲಾಪುರದಲ್ಲಿ. ಬೇರೆ ದಿನವಾಗಿದ್ದರೆ ಬಸ್ಸಿನಲ್ಲೇ ಎದ್ದು ನಿಂತು ಕೈ ಮುಗಿಯುತ್ತಿದ್ದೆ.

ಕಡಲ ಹತ್ತಿರ ಒಂದು ಮನೆ ಅಂದರೆ ನಮಗೆಲ್ಲ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಮನು ಮತ್ತು ಪ್ರಿಯಾ ನೆನಪಾಗುತ್ತಾರಲ್ಲವೇ? 2023ರಲ್ಲಿ ಅದನ್ನು ಮೂರು ಸಲ ನೋಡಿದವನು ನಾನು. ನಿಜವಾದ ಕಡಲ ಮನೆ ಅಷ್ಟು ಚೆಂದ ಇರುವುದಿಲ್ಲ ಸ್ವಾಮಿ. ಬಟ್ಟೆ ಒಣಗುವುದಿಲ್ಲ. ಚಾಪೆಯೆಲ್ಲ ಮರಳು. ಒಣಮೀನಿನ ವಾಸನೆ. ರಾತ್ರಿ ಪೂರ್ತಿ ಅಲೆಯ ಸದ್ದು, ಮೂರನೇ ಪಾಳಿ ನಡೆಯುತ್ತಿರುವ ಕಾರ್ಖಾನೆಯ ಪಕ್ಕ ಮಲಗಿದ ಹಾಗೆ. ಮೊದಲ ರಾತ್ರಿ ಅಮ್ಮ ಮಾತ್ರ ಚೆನ್ನಾಗಿ ನಿದ್ದೆ ಮಾಡಿದಳು. ‘ಸದ್ದು ಇದ್ದರೇ ನಂಗೆ ನಿದ್ದೆ’ ಅಂದಳು.

ಮೊದಲೆರಡು ದಿನ ಒಬ್ಬೊಬ್ಬರೂ ಒಂದೊಂದು ಮೂಲೆ. ಅಣ್ಣಯ್ಯ ಬಾವಿಕಟ್ಟೆ ಮೇಲೆ. ಅಕ್ಕ ಅಡುಗೆಮನೆಯಲ್ಲಿ. ಅಮ್ಮ ಬಾಗಿಲಲ್ಲಿ. ನಾನು ಮರಳ ಮೇಲೆ. ತಂಗಿ ಮಾತ್ರ ಎಲ್ಲರ ಹತ್ತಿರವೂ ಹೋಗಿ ಕೂತು ಬರುತ್ತಿದ್ದಳು. ಅವಳೊಬ್ಬಳಿಗೇ ಈ ಮನೆಯಲ್ಲಿ ಯಾರೂ ‘ಮಲ’ ಅಲ್ಲ. ಕೊನೆಗೆ ಅವಳೇ ಸಿಟ್ಟಾದಳು. ‘ಒಬ್ಬೊಬ್ಬರ ಹತ್ರಾನೂ ಹೋಗಿ ಒಂದೊಂದ್ಸಲ ಅಳಕ್ಕೆ ನಂಗಾಗಲ್ಲ. ಎಲ್ಲರೂ ಒಂದು ಕಡೆ ಕೂತ್ಕೊಳ್ಳಿ!’

ಕೂತೆವು. ಕರೆಂಟು ಹೋಗಿತ್ತು. ಅಕ್ಕ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ಬಡಿಸಿದಳು. ಅಪ್ಪಾಜಿಯ ಜೊತೆ ಯಾವ ಯಾವ ಸಿನಿಮಾಕ್ಕೆ ಹೋಗಿದ್ದೆವು ಅಂತ ಮಾತು ಶುರುವಾಯಿತು. ಸಿನಿಮಾದಿಂದ ಏಟಿಗೆ ಬಂತು.

‘ಹೇಳದೆ ಸಿನಿಮಾಕ್ಕೆ ಹೋಗಿದ್ದಕ್ಕೆ ಅಣ್ಣ ನಂಗೆ ಬೆಲ್ಟಲ್ಲಿ ಹೊಡೆದಿದ್ರು, ಗೊತ್ತಾ?’ ಅಂದ ಅಣ್ಣಯ್ಯ. ‘ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಬಂದಾಗ ಇನ್ನೊಂದ್ಸಲ.’

‘ನಂಗೆ ಯಾವತ್ತೂ ಹೊಡೀಲಿಲ್ಲ’ ಅಂದೆ ನಾನು.

‘ಹೌದು ಮಾರಾಯ. ಅದಕ್ಕೇ ನಿನ್ನ ಕಂಡರೆ ನಂಗೆ ಆಗ್ತಿರಲಿಲ್ಲ. ನೀನು ಪಿಯುಸಿ ಬಿಟ್ಟು ಬಂದ ದಿನ ನಾನು ಮನೇಲೇ ಇದ್ದೆ. ಇವತ್ತು ಇವನಿಗೆ ಗ್ಯಾರಂಟಿ ಅಂತ ಕಾಯ್ತಾ ಕೂತಿದ್ದೆ. ಅಣ್ಣ ಏನಂದ್ರು ನೆನಪಿದೆಯಾ?’

ನೆನಪಿಲ್ಲದೆ ಏನು! ಆ ದಿನ ನಾನು ಏಟಿಗೆ ಬೆನ್ನು ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ನಿಮ್ಮಮ್ಮನ್ನ ಒಂದು ಮಾತು ಕೇಳಿ ಮಾಡಪ್ಪ’ ಅಂದಿದ್ದರು. ಅಷ್ಟೇ. ಸ್ವಂತ ಮಗನಿಗೆ ಬೆಲ್ಟು, ನನಗೆ ‘ಮಾಡಪ್ಪ’. ಹೊಡೆದಿದ್ದರೆ ಕಾಲೇಜಿಗೆ ವಾಪಸ್ ಹೋಗುತ್ತಿದ್ದೆನೋ ಏನೋ! ಆ ರಾತ್ರಿ ನಾನು ಅತ್ತಿದ್ದು ಕಾಲೇಜಿಗಾಗಿ ಅಲ್ಲ. ಇವರಿಗೆ ನಾನು ಹೊಡೆಯುವಷ್ಟೂ ಮಗನಲ್ಲ ಅಂತ.

ಇದನ್ನು ಅವತ್ತು ಕತ್ತಲಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅಣ್ಣಯ್ಯ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ‘ಥೂ ನಿನ್ನ! ಅಣ್ಣನಿಗೆ ನೀನೇ ಹೆಚ್ಚು ಇಷ್ಟ, ಅದಕ್ಕೇ ಹೊಡೆಯಲ್ಲ ಅಂತ ನಾನು ಇಷ್ಟು ವರ್ಷ ಹೊಟ್ಟೆ ಉರ್ಕೊಂಡೆನಲ್ಲೋ!’

ಆಗ ಮಾತಾಡಿದ್ದು ಅಮ್ಮ. ನಾವು ನ್ಯೂಟೌನಿಗೆ ಬಂದ ಮೊದಲ ತಿಂಗಳು ನಾನೇನೋ 
ತಂಟೆ ಮಾಡಿದ್ದೆನಂತೆ. ಅಪ್ಪಾಜಿ ಕೈ ಎತ್ತಿದರಂತೆ. ಬೇಲಿಯ ಆಚೆಯಿಂದ ಪಕ್ಕದ ಮನೆಯಾಕೆ ‘ಪಾಪ, ಅಪ್ಪ ಇಲ್ಲದ ಕೂಸು’ ಅಂದರಂತೆ. ಎತ್ತಿದ ಕೈ ಹಾಗೇ ಇಳಿಸಿ ಹೊರಗೆ ಹೋದವರು ರಾತ್ರಿವರೆಗೆ ಬರಲಿಲ್ಲ. ಬಂದು ಅಮ್ಮನಿಗೆ ಹೇಳಿದ್ದು ಇಷ್ಟು: ‘ಇನ್ಮೇಲೆ ಅವನಿಗೆ ಬಯ್ಯೋದು ಹೊಡೆಯೋದು ಎಲ್ಲ ನಿಂದು. ನಂಗೆ ಆ ಹಕ್ಕು ಜನ ಕೊಡಲ್ಲ.’

ಕಾರ್ನಾಡರ ಮನೆಯ ಆ ಪ್ರಶ್ನೆ ಈಗ ಅರ್ಥವಾಯಿತು. ತಡವಾಗಿ.

ಅಕ್ಕ ಅಲ್ಲಿಯವರೆಗೆ ಸುಮ್ಮನಿದ್ದಳು. ‘ಅಣ್ಣ ಹೋದ ದಿನದಿಂದ ಅಳ್ತಾ ಇದೀನಿ, ಆದರೆ ಯಾರಿಗೆ ಅಳ್ತಿದೀನಿ ಅಂತಾನೇ ಗೊತ್ತಾಗ್ತಿಲ್ಲ’ ಅಂದಳು. ‘ನಮ್ಮಮ್ಮ ಹೋದಾಗ ನಾನು ಅತ್ತರೆ ಅಣ್ಣನಿಗೆ ತಡ್ಕೊಳ್ಳಕ್ಕೆ ಆಗ್ತಿರಲಿಲ್ಲ. ಆಮೇಲೆ ಚಿಕ್ಕಮ್ಮ ಬಂದರು, ಅವರ ಎದುರಿಗೆ ಅಳೋದು ಹೇಗೆ? ಈಗ ಎರಡೂ ಒಟ್ಟಿಗೆ ಬರ್ತಾ ಇದೆ.’ ನನ್ನ ಅಮ್ಮ ಎದ್ದು ಹೋಗಿ ಅವಳ ಪಕ್ಕ ಕೂತಳು. ‘ನಂಗೂ ಎರಡು ಒಟ್ಟಿಗೆ ಬರ್ತಾ ಇದೆ ಕಣೇ’ ಅಂದಳು.

ಎರಡನೇ ಸಲ ವಿಧವೆಯಾದವಳ ಬಾಯಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಹೆತ್ತ ತಂದೆಯ ಮಾತು ಬಂತು. ಆ ಮನುಷ್ಯನ ಫೋಟೋ ನ್ಯೂಟೌನಿನ ಮನೆಯ ಗೋಡೆಗೆ ಯಾವತ್ತೂ ಏರಿರಲಿಲ್ಲ. ‘ಹಾಕು ಅಂತ ಇವರು ಎಷ್ಟೋ ಸಲ ಅಂದಿದ್ದರು. ನಾನೇ ಬೇಡ ಅಂದೆ, ಜನ ಏನಂತಾರೆ ಅಂತ’ ಅಂದಳು ಅಮ್ಮ. ಅಕ್ಕನ ತಾಯಿಯ ಫೋಟೋಕ್ಕೆ ದಿನಾ ದೀಪ ಹಚ್ಚುತ್ತಿದ್ದವಳು ಅವಳೇ.

ಒಬ್ಬ ಮನುಷ್ಯ ಸತ್ತ, ಒಂದೇ ಮನೆಯವರೆಲ್ಲ ಅತ್ತರು ಅಂತ ನಾವು ಬರೆಯುತ್ತೇವೆ. ಅವತ್ತು ರಾತ್ರಿ ಲೆಕ್ಕ ಹಾಕಿದರೆ ಆ ಹಂಚಿನ ಮನೆಯಲ್ಲಿ ಮೂರು ಜನ ಸತ್ತವರಿದ್ದರು. ಬದುಕಿದ್ದ ನಮಗೆ ಅಪ್ಪಾಜಿ ಒಬ್ಬೊಬ್ಬರಿಗೆ ಒಂದೊಂದು ಥರ. ಅಣ್ಣಯ್ಯನ ‘ಅಣ್ಣ’ ಬೇರೆ, ನನ್ನ ‘ಅಪ್ಪಾಜಿ’ ಬೇರೆ. ಪೂರ್ತಿ ಮನುಷ್ಯ ಯಾರ ಹತ್ತಿರವೂ ಇರಲಿಲ್ಲ. ಕೂತು ಮಾತಾಡಿದ ಮೇಲೆ ಅಷ್ಟಿಷ್ಟು ಕೂಡಿ ಬಂತು.

ಎಲ್ಲಾ ಸಮುದ್ರ ಒಂದೇ

ಮಾರನೇ ಬೆಳಗ್ಗೆ ಎಲ್ಲರೂ ನೀರಿನ ಅಂಚಿಗೆ ಹೋದೆವು. ಅಮ್ಮ ಕಾಲು ಒದ್ದೆ ಮಾಡಿಕೊಂಡು ನಿಂತು ಅಣ್ಣಯ್ಯನನ್ನು ಕೇಳಿದಳು, ‘ಕೂಡಲೀಲಿ ಬಿಟ್ಟವರು ಇಲ್ಲಿಗೆ ಬಂದು ಸೇರ್ತಾರಾ?’

‘ಇಲ್ಲ ಚಿಕ್ಕಮ್ಮ. ನಮ್ಮ ಭದ್ರೆ ಈ ಕಡೆ ಬರಲ್ಲ. ತುಂಗೆ ಸೇರಿ, ಕೃಷ್ಣೆ ಸೇರಿ, ಆ ಕಡೆ ಸಮುದ್ರಕ್ಕೆ ಹೋಗ್ತಾಳೆ.’

ಅಮ್ಮ ಸ್ವಲ್ಪ ಯೋಚಿಸಿ, ‘ನೀರು ನೀರೇ ಅಲ್ವೇನೋ. ಎಲ್ಲಾ ಸಮುದ್ರ ಒಂದೇ’ ಅಂದಳು.

ಅಣ್ಣಯ್ಯ ನನ್ನನ್ನು ಪಕ್ಕಕ್ಕೆ ಕರೆದ. ‘ಆ ಕಾಗದ ನೀನು ನೋಡಿದೆ ಅಂತ ನಂಗೆ ಗೊತ್ತು. ನಿನ್ನ ಹೆಸರೂ ಬರ್ಕೊಟ್ಟಿದ್ದೆ ಕಣೋ. ಬರಲ್ಲ ಅಂತ ಹೊಡೆದು ಹಾಕಿದರು. ನಿಂಗೆ ಹೇಳಬೇಕಾಗಿತ್ತು, ಬಾಯಿ ಬರಲಿಲ್ಲ’ ಅಂದ. ನಾನೇನೂ ಹೇಳಲಿಲ್ಲ. ‘ಕೂಡಲೀಲಿ ದೊಡ್ಡವರು ತಡೆದಾಗ್ಲೂ ನಾನು ಮಾತಾಡಬೇಕಾಗಿತ್ತು. ಆಡಲಿಲ್ಲ. ತಪ್ಪಾಯ್ತು. ಈಗ ನಡಿ.’

‘ಎಲ್ಲಿಗೆ?’

‘ಹೊನ್ನಾವರಕ್ಕೆ. ಅಪ್ಪುಗೆ ಬೋಳಿಸಿದ ತಲೆ ಅಲ್ವಾ ಇದು, ಅಣ್ಣನಿಗೆ ಬೋಳಿಸಿದರೆ ಏನು ಕಳ್ಕೊಳ್ತೀಯಾ?’

ಶರಾವತಿ ಸೇತುವೆ ದಾಟಿ ಹೋದೆವು. ಅಂಗಡಿಯವನು ನನ್ನ ಕ್ರಾಪು ನೋಡಿ, ಅಣ್ಣಯ್ಯನ ಬೋಳು ತಲೆ ನೋಡಿ, ‘ಯಾರು ಹೋದದ್ದು?’ ಅಂತ ಕೇಳಿದ. ಅಣ್ಣಯ್ಯ ನನಗಿಂತ ಮುಂಚೆ ಹೇಳಿದ: ‘ನಮ್ಮ ಅಪ್ಪಾಜಿ.’

ಅವನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಬೇಕೆಂದೇ ಹೇಳಿದನೋ, ಬಾಯಿತಪ್ಪಿ ಬಂತೋ, ನಾನು ಕೇಳಲಿಲ್ಲ. ಕಣ್ಣು ಮುಚ್ಚಿಕೊಂಡು ತಲೆ ಬಗ್ಗಿಸಿದೆ. ಕತ್ತಿ ಆಡುತ್ತಿರುವಾಗ ಅಲ್ಲಾಡಬಾರದಲ್ಲ!

ಇಷ್ಟೇ ಕಥೆ ಮಿತ್ರರೇ. ಈಗ ನ್ಯೂಟೌನಿನ ಮನೆಯ ಗೋಡೆ ಮೇಲೆ ಮೂರು ಫೋಟೋ ಇವೆ. ವಂಶವೃಕ್ಷದ ಕಾಗದ ಹೇಗಿತ್ತೋ ಹಾಗೇ ಇದೆ, ಅದರಲ್ಲಿ ನನ್ನ ಹೆಸರಿಲ್ಲ, ಇರುವುದೂ ಇಲ್ಲ. ನಾನು ತಲೆಕೆಡಿಸಿಕೊಂಡಿಲ್ಲ. ಅಪ್ಪುವಿನ ವಂಶವೃಕ್ಷದಲ್ಲೂ ನಮ್ಮ ನಿಮ್ಮ ಹೆಸರಿಲ್ಲ, ಆದರೂ ಆ ದಿನ ನಮಗೆ ಎಲೆ ಬಿತ್ತಲ್ಲ.

ನಮ್ಮ ನಿರ್ದೇಶಕ ಮಹಾಶಯರಲ್ಲಿ ಒಂದೇ ವಿನಂತಿ. ಮುಂದಿನ ಸಲ ಮಲತಂದೆಯ ಪಾತ್ರ ಬರೆಯುವಾಗ ಅವನ ಕೈಗೆ ಬೆಲ್ಟು ಕೊಡುವ ಮುಂಚೆ ಸ್ವಲ್ಪ ಯೋಚಿಸಿ. ಎತ್ತಿದ ಕೈ ಇಳಿಸಿಕೊಂಡು, ರಾತ್ರಿವರೆಗೆ ಊರೆಲ್ಲ ಸುತ್ತಿ ಬರುವವನ ಪಾತ್ರವೂ ಒಂದಿದೆ. ಒಳ್ಳೇ ನಟನಿಗೆ ಒಳ್ಳೇ ಸೀನು.

ಸಂಪಾದಕರು ಹೊಸ ಫೋಟೋ ಕಳಿಸು ಅಂತಿದ್ದಾರೆ. ಕೂದಲು ಬರಲಿ, ಕಳಿಸುತ್ತೇನೆ. ಮುಂದಿನ ವಾರ ಮಾಮೂಲಿನಂತೆ ಗಾಂಧಿ ಕ್ಲಾಸಿನಲ್ಲಿ ಸಿಗೋಣ. ಪಕ್ಕದ ಸೀಟು ಒಂದು ಖಾಲಿ ಇರುತ್ತೆ. ಬಂದು ಕೂತುಕೊಳ್ಳಿ, ಯಾರು ಅಂತ ಕೇಳುವುದಿಲ್ಲ.